ಒಪ್ಪಂದದ ಉಳಿದರ್ಧ: ಸತ್ಯ ಆಯೋಗದ ನಂತರದ ದಕ್ಷಿಣ ಆಫ್ರಿಕಾ

ಅಂತರ್ಯುದ್ಧ, ಸರ್ವಾಧಿಕಾರ ಇಲ್ಲವೇ ಜನಾಂಗೀಯ ದಬ್ಬಾಳಿಕೆಯಿಂದ ಹೊರಬಂದ ಸಮಾಜಗಳು ಹಿಂದಿನ ಅಪರಾಧಗಳನ್ನು ಹೇಗೆ ಎದುರಿಸಬೇಕು ಎಂಬುದನ್ನು ವಿಚಾರಿಸುವ ಅಧ್ಯಯನಶಾಖೆಗೆ ಸಂಕ್ರಮಣಕಾಲದ ನ್ಯಾಯ ಎಂಬ ಹೆಸರಿದೆ. ಈ ಶಾಖೆಯಲ್ಲಿ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗದಷ್ಟು ಚರ್ಚೆಗೊಳಗಾದ ಸಂಸ್ಥೆ ಬಹುಶಃ ಇನ್ನೊಂದಿಲ್ಲ. ಆದರೆ ಚರ್ಚೆಯ ಬಹುಪಾಲು ಬಹಿರಂಗ ವಿಚಾರಣೆಗಳ ಸುತ್ತಲೇ ಸುತ್ತಿದೆ: ಮಕ್ಕಳನ್ನು ಕಳೆದುಕೊಂಡ ತಾಯಂದಿರ ಸಾಕ್ಷ್ಯ, ಮೇಜಿಗೆ ತಲೆಯಿಟ್ಟು ಅತ್ತ ಆಯೋಗದ ಅಧ್ಯಕ್ಷ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು, ಕ್ಷಮೆ ಕೇಳಿದವರು, ಕ್ಷಮಿಸಿದವರು, ಕ್ಷಮಿಸಲಾರೆವೆಂದು ಎದ್ದು ಹೋದವರು. ಆಯೋಗ ತನ್ನ ವರದಿ ಒಪ್ಪಿಸಿದ ನಂತರದ ವರ್ಷಗಳು ಈ ಲೇಖನದ ವಿಷಯ. ಆಯೋಗದ ಕಾನೂನಿನ ತಳದಲ್ಲಿದ್ದದ್ದು ಷರತ್ತುಬದ್ಧವಾದ ಒಂದು ಒಪ್ಪಂದ. ಅದರ ಅರ್ಧವನ್ನು ಪ್ರಭುತ್ವ ನಡೆಸಿಕೊಟ್ಟಿತು, ಉಳಿದರ್ಧವನ್ನು ಕೈಬಿಟ್ಟಿತು. ಅಲ್ಲಿ ಸಾಮರಸ್ಯಕ್ಕೆ ಬಿದ್ದ ದೊಡ್ಡ ಪೆಟ್ಟು ಇದೇ ಎಂಬುದು ನನ್ನ ವಾದ.

1993ರ ಮಧ್ಯಂತರ ಸಂವಿಧಾನದ ಕೊನೆಯ ಭಾಗದಲ್ಲಿಯೇ ಕ್ಷಮಾದಾನದ ಮಾತು ಸೇರಿತ್ತು. ಸೇನೆ ಮತ್ತು ಪೊಲೀಸ್ ಪಡೆ ಹಳೆಯ ವರ್ಣಭೇದ ಆಡಳಿತದ ಹಿಡಿತದಲ್ಲಿದ್ದಾಗ, ಅವರೆಲ್ಲರನ್ನೂ ಕಟಕಟೆಗೆ ನಿಲ್ಲಿಸುವ ಮಾತಾಡಿದರೆ ಚುನಾವಣೆಯೇ ನಡೆಯದೆ ಹೋಗಬಹುದೆಂಬ ಭಯ ಸಂಧಾನಕಾರರಿಗಿತ್ತು. ಹಾಗೆಂದು 1995ರ ರಾಷ್ಟ್ರೀಯ ಏಕತೆ ಮತ್ತು ಸಾಮರಸ್ಯ ಉತ್ತೇಜನ ಕಾಯ್ದೆ ಎಲ್ಲರಿಗೂ ಸಾರಾಸಗಟಾಗಿ ಮಾಫಿ ಕೊಡಲಿಲ್ಲ. ಅಪರಾಧಿ ವ್ಯಕ್ತಿಶಃ ಅರ್ಜಿ ಹಾಕಬೇಕು, ಕೃತ್ಯ ರಾಜಕೀಯ ಉದ್ದೇಶದ್ದಾಗಿರಬೇಕು, ತಿಳಿದದ್ದನ್ನೆಲ್ಲ ಬಾಯಿಬಿಡಬೇಕು. ಅರ್ಜಿ ಹಾಕದವರು, ಸುಳ್ಳು ಹೇಳಿದವರು, ಮುಚ್ಚಿಟ್ಟವರು ಮಾಮೂಲಿ ನ್ಯಾಯಾಲಯದ ಪಾಲು. ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಸೇನಾಧಿಕಾರಿಗಳು ತಮಗೆ ತಾವೇ ಬರೆದುಕೊಂಡ ಮಾಫಿಗಳಿಂದ ಇದನ್ನು ಬೇರೆಯಾಗಿಸಿದ್ದು ಈ ಷರತ್ತು.

ಬೆಲೆ ತೆತ್ತವರು ಸಂತ್ರಸ್ತರ ಕುಟುಂಬಗಳೇ. ಕ್ಷಮಾದಾನ ಸಿಕ್ಕವರ ಮೇಲೆ ಕ್ರಿಮಿನಲ್ ಮೊಕದ್ದಮೆಯಷ್ಟೇ ಅಲ್ಲ, ನಷ್ಟಪರಿಹಾರದ ಸಿವಿಲ್ ದಾವೆಯನ್ನೂ ಹೂಡುವಂತಿರಲಿಲ್ಲ. ಪೊಲೀಸ್ ವಶದಲ್ಲಿ ಸತ್ತ ಹೋರಾಟಗಾರ ಸ್ಟೀವ್ ಬಿಕೊ ಅವರ ಕುಟುಂಬ ಇತರರೊಡನೆ ಸೇರಿ ಇದನ್ನು ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 1996ರ ಜುಲೈನಲ್ಲಿ ಭಾರತೀಯ ಮೂಲದ ನ್ಯಾಯಮೂರ್ತಿ ಇಸ್ಮಾಯಿಲ್ ಮಹಮದ್ ಬರೆದ ತೀರ್ಪು ಕಾಯ್ದೆಯನ್ನು ಎತ್ತಿಹಿಡಿಯಿತು. ಕುಟುಂಬಗಳ ನೋವನ್ನು ಆ ತೀರ್ಪು ಹಗುರವಾಗಿ ಕಾಣಲಿಲ್ಲ. ಅದರ ತರ್ಕದ ಆಧಾರ ಎರಡು: ಮಾಫಿಯ ಆಸೆಯಿಲ್ಲದೆ ಸತ್ಯ ಹೊರಬಾರದು, ಮತ್ತು ವೈಯಕ್ತಿಕ ದಾವೆಯ ಬದಲಿಗೆ ಪ್ರಭುತ್ವವೇ ವ್ಯಾಪಕವಾಗಿ ಪರಿಹಾರ ಕೊಡಬಲ್ಲದು. ಮುಂದೆ ನಡೆದದ್ದನ್ನು ಅಳೆಯಬೇಕಾದದ್ದು ಈ ಎರಡು ಮಾತುಗಳ ಮೇಲೆ.

1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ನಗರದಲ್ಲಿ ಮೊದಲ ವಿಚಾರಣೆ ಆರಂಭವಾಯಿತು. 1960ರ ಮಾರ್ಚ್‌ನಿಂದ 1994ರ ಮೇ ತನಕದ ಅವಧಿಯ ಬಗ್ಗೆ 21,000ಕ್ಕೂ ಹೆಚ್ಚು ಜನ ಹೇಳಿಕೆ ಕೊಟ್ಟರು. ಜನ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿದರು. ದುಭಾಷಿಗಳು ಗಾಜಿನ ಗೂಡಿನಲ್ಲಿ ಕೂತು ಉತ್ತಮ ಪುರುಷದಲ್ಲೇ ಅನುವಾದಿಸಿದರು. ಹೊಡೆಸಿಕೊಂಡವನ ‘ನಾನು’ ಮತ್ತು ಹೊಡೆದವನ ‘ನಾನು’ ಎರಡನ್ನೂ ಒಂದೇ ದಿನ ನುಡಿಯಬೇಕಾದ ಆ ದುಭಾಷಿಗಳು ಅನುಭವಿಸಿದ ಹಿಂಸೆಗೆ ವಿದ್ವತ್ ಲೋಕ ಇನ್ನೂ ತಕ್ಕ ಗಮನ ಕೊಟ್ಟಿಲ್ಲ. ಸಾಕ್ಷಿ ಹೇಳಿದವರಲ್ಲಿ ಹೆಂಗಸರೇ ಹೆಚ್ಚು. ಆದರೆ ಅವರು ಹೇಳಿದ್ದು ಹೆಚ್ಚಾಗಿ ಗಂಡನ, ಮಗನ, ತಮ್ಮನ ಪಾಡು. ತಮ್ಮ ಮೇಲೆ ನಡೆದದ್ದನ್ನು ಹೇಳಲೆಂದು ಮಹಿಳೆಯರಿಗಾಗಿ ಪ್ರತ್ಯೇಕ ವಿಚಾರಣೆಗಳನ್ನು ಏರ್ಪಡಿಸಬೇಕಾಯಿತು.

ಕಾಯ್ದೆಯ ಒಂದು ಮಿತಿಯನ್ನು ಇಲ್ಲಿಯೇ ಹೇಳಬೇಕು. ಕೊಲೆ, ಅಪಹರಣ, ಚಿತ್ರಹಿಂಸೆ, ಘೋರ ದೌರ್ಜನ್ಯ ಇಷ್ಟನ್ನೇ ಅದು ‘ಗಂಭೀರ ಉಲ್ಲಂಘನೆ’ ಎಂದು ಪರಿಗಣಿಸಿತು. ಕಪ್ಪು ಜನರ ಓಡಾಟವನ್ನು ನಿರ್ಬಂಧಿಸಿದ ಪಾಸ್ ಕಾನೂನಿನಡಿ ಜೈಲು ಸೇರಿದವರು, ಬುಲ್ಡೋಜರ್ ಹರಿದ ಮನೆಗಳವರು, ಕಪ್ಪು ಜನರ ಭೂಮಿಯ ಹಕ್ಕನ್ನು ಕಿತ್ತುಕೊಂಡ 1913ರ ಕಾಯ್ದೆಯಿಂದ ಒಕ್ಕಲೆದ್ದವರ ಮಕ್ಕಳು ಮೊಮ್ಮಕ್ಕಳು ಈ ವ್ಯಾಖ್ಯೆಯೊಳಗೆ ಬರಲಿಲ್ಲ. ವಿದ್ವಾಂಸ ಮಹಮೂದ್ ಮಮ್ದಾನಿ ಎತ್ತಿದ ಆಕ್ಷೇಪ ಇದೇ: ಇಡೀ ಸಮುದಾಯಗಳನ್ನು ಗುರಿಯಾಗಿಸಿದ್ದ ವ್ಯವಸ್ಥೆಯನ್ನು ಕೆಲವು ಸಾವಿರ ವ್ಯಕ್ತಿಗಳ ಸಂಕಟವಾಗಿ ಕಿರಿದುಗೊಳಿಸಲಾಯಿತು. ಈ ಆಕ್ಷೇಪ ಸರಿಯಾದದ್ದೇ. ಆದರೆ ಆಯೋಗ ತನ್ನ ವ್ಯಾಪ್ತಿಗೆ ತೆಗೆದುಕೊಂಡ ಆ ಕೆಲವು ಸಾವಿರ ಜನರಿಗಾದರೂ ಮಾತು ಉಳಿಯಿತೇ ಎಂಬ ಪ್ರಶ್ನೆ ಬೇರೆಯೇ ಇದೆ, ಅದನ್ನು ಕೇಳುವವರು ಕಡಿಮೆ.

ಕ್ಷಮಾದಾನಕ್ಕೆ 7,112 ಅರ್ಜಿಗಳು ಬಂದವು. ಮಂಜೂರಾದದ್ದು 849, ತಿರಸ್ಕೃತವಾದದ್ದು 5,392. ತಿರಸ್ಕೃತರಲ್ಲಿ ಸಾಮಾನ್ಯ ಅಪರಾಧಗಳಿಗೆ ಜೈಲಿನಲ್ಲಿದ್ದವರೇ ಬಹಳ ಮಂದಿ ಇದ್ದುದರಿಂದ ಈ ಅಂಕಿಯನ್ನು ಹುಷಾರಾಗಿ ಓದಬೇಕು. ಮುಖ್ಯವಾದದ್ದು, ಆಯೋಗ ಮೊಕದ್ದಮೆ ಹೂಡಲು ಯೋಗ್ಯವೆಂದು ಕಂಡ ಸುಮಾರು 300 ಪ್ರಕರಣಗಳನ್ನು ರಾಷ್ಟ್ರೀಯ ಪ್ರಾಸಿಕ್ಯೂಷನ್ ಪ್ರಾಧಿಕಾರಕ್ಕೆ ಒಪ್ಪಿಸಿತ್ತು. ಒಪ್ಪಂದದ ಉಳಿದರ್ಧ ಎಂದು ನಾನು ಕರೆಯುತ್ತಿರುವುದು ಈ ಕಡತಗಳನ್ನು.

ಅಂಥ ಒಂದು ಸಾವಿನ ಕಥೆ ಅಹಮದ್ ತಿಮೋಲ್ ಅವರದು. ಗುಜರಾತಿನ ಸೂರತ್ ಬಳಿಯಿಂದ ವಲಸೆ ಹೋದ ಕುಟುಂಬದ ಮಗ, ಶಾಲಾ ಮಾಸ್ತರ, ನಿಷೇಧಿತ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತ. 1971ರ ಅಕ್ಟೋಬರ್‌ನಲ್ಲಿ ಬಂಧನಕ್ಕೊಳಗಾದ ಐದೇ ದಿನಗಳಲ್ಲಿ ಜೊಹಾನ್ಸ್‌ಬರ್ಗ್‌ನ ಜಾನ್ ವೋರ್ಸ್ಟರ್ ಸ್ಕ್ವೇರ್ ಪೊಲೀಸ್ ಕಚೇರಿಯ ಹತ್ತನೆಯ ಮಹಡಿಯಿಂದ ಬಿದ್ದು ಸತ್ತರು. ಆಗ ವಯಸ್ಸು 29. ಮರುವರ್ಷ ಮ್ಯಾಜಿಸ್ಟ್ರೇಟರು ಇದನ್ನು ಆತ್ಮಹತ್ಯೆಯೆಂದು ತೀರ್ಮಾನಿಸಿದರು. 1996ರಲ್ಲಿ ಅವರ ತಾಯಿ ಹವಾ ತಿಮೋಲ್ ಆಯೋಗದ ಮುಂದೆ ಬಂದು ಸತ್ಯ ಏನೆಂದು ತಿಳಿಯಬೇಕೆಂದು ಕೇಳಿಕೊಂಡರು. ಪೊಲೀಸರಲ್ಲಿ ಒಬ್ಬನೂ ಮಾಫಿಗೆ ಅರ್ಜಿ ಹಾಕಲಿಲ್ಲ. ಕಾಯ್ದೆಯ ಪ್ರಕಾರ ಇದು ನೇರವಾಗಿ ತನಿಖೆಗೆ ಹೋಗಬೇಕಿದ್ದ ಪ್ರಕರಣ, ಹೋಗಲಿಲ್ಲ. ತಿಮೋಲ್ ಅವರ ಸೋದರಳಿಯ ಇಮ್ತಿಯಾಜ್ ಕಾಜಿ ವರ್ಷಾನುಗಟ್ಟಲೆ ಸ್ವಂತ ಶ್ರಮದಿಂದ ಸಾಕ್ಷ್ಯ ಕೂಡಿಸಿದ ಮೇಲೆಯೇ ಸಾವಿನ ವಿಚಾರಣೆ ಮತ್ತೆ ತೆರೆದದ್ದು. 2017ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಬಿಲ್ಲಿ ಮೋತ್ಲೆ, ತಿಮೋಲ್ ಹಾರಲಿಲ್ಲ, ಅವರನ್ನು ತಳ್ಳಲಾಯಿತು ಎಂದು ತೀರ್ಪಿತ್ತರು. ಆ ಹೊತ್ತಿಗೆ ತಾಯಿ ಬದುಕಿರಲಿಲ್ಲ. ಕಿಟಕಿಯ ಬಳಿ ತಾನಿದ್ದೆನೆಂದು ಹೇಳಿದ್ದ ಮಾಜಿ ಪೊಲೀಸ್ ಗುಮಾಸ್ತ ಜೊವಾವೊ ರೊಡ್ರಿಗಸ್ ಮೇಲೆ 2018ರಲ್ಲಿ ಕೊಲೆ ಆರೋಪ ದಾಖಲಾಯಿತು. ಇಷ್ಟು ತಡವಾದ ಮೊಕದ್ದಮೆ ಅನ್ಯಾಯವೆಂದು ಆತ ಕೋರ್ಟಿನಿಂದ ಕೋರ್ಟಿಗೆ ಹೋದ. 2021ರಲ್ಲಿ ವಿಚಾರಣೆ ನಡೆಯುವ ಮುನ್ನವೇ ತೀರಿಕೊಂಡ.

ಈ ವಿಳಂಬಕ್ಕೆ ಸಿಬ್ಬಂದಿಯ ಕೊರತೆ ಪೂರ್ತಿ ಉತ್ತರವಾಗದು. ನೊಕುತುಲಾ ಸಿಮೆಲಾನೆ ಪ್ರಕರಣ ಅದನ್ನು ಬಯಲಿಗೆ ತಂದಿತು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಸಶಸ್ತ್ರ ದಳಕ್ಕೆ ಸಂದೇಶ ಒಯ್ಯುತ್ತಿದ್ದ 23 ವರ್ಷದ ಈ ತರುಣಿಯನ್ನು 1983ರಲ್ಲಿ ಪೊಲೀಸರು ಜೊಹಾನ್ಸ್‌ಬರ್ಗ್‌ನಲ್ಲಿ ಅಪಹರಿಸಿ ಚಿತ್ರಹಿಂಸೆ ಕೊಟ್ಟರು. ದೇಹ ಇವತ್ತಿಗೂ ಸಿಕ್ಕಿಲ್ಲ. ತಂಗಿ ಥೆಂಬಿ ನ್ಕಡಿಮೆಂಗ್ ಹೂಡಿದ ದಾವೆಯಲ್ಲಿ, ಪ್ರಾಸಿಕ್ಯೂಷನ್ ಪ್ರಾಧಿಕಾರದ ಮಾಜಿ ಮುಖ್ಯಸ್ಥ ವುಸಿ ಪಿಕೊಲಿ 2015ರಲ್ಲಿ ಪ್ರಮಾಣಪತ್ರ ಸಲ್ಲಿಸಿ, ಈ ಪ್ರಕರಣಗಳನ್ನು ಮುಂದುವರಿಸದಂತೆ ರಾಜಕೀಯ ಹಸ್ತಕ್ಷೇಪ ನಡೆದಿತ್ತೆಂದು ಹೇಳಿದರು. ಅದಕ್ಕೂ ಮೊದಲು 2005ರಲ್ಲಿ ಪ್ರಾಸಿಕ್ಯೂಷನ್ ನೀತಿಗೆ ತಿದ್ದುಪಡಿ ತಂದು, ಮಾಫಿಯ ಹಿಂಬಾಗಿಲನ್ನೇ ತೆರೆಯಲು ಪ್ರಯತ್ನ ನಡೆದಿತ್ತು. 2008ರಲ್ಲಿ ಹೈಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ರದ್ದುಮಾಡಿತು.

ಬಿಡುಗಡೆಯ ಹೋರಾಟದಿಂದ ಬಂದ ಸರ್ಕಾರವೇ ಏಕೆ ಹೀಗೆ ಮಾಡಿತು? 1998ರ ಅಕ್ಟೋಬರ್‌ನಲ್ಲಿ ಆಯೋಗ ತನ್ನ ವರದಿಯನ್ನು ಅಧ್ಯಕ್ಷ ಮಂಡೇಲಾ ಅವರಿಗೆ ಒಪ್ಪಿಸುವ ಮುನ್ನ ಅದನ್ನು ತಡೆಯಲು ಕೋರ್ಟಿಗೆ ಹೋದವರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಕೂಡ ಇತ್ತು. ದೇಶಭ್ರಷ್ಟ ಶಿಬಿರಗಳಲ್ಲಿ ಅದರ ಭದ್ರತಾ ವಿಭಾಗ ನಡೆಸಿದ ಹಿಂಸೆಯನ್ನೂ ವರದಿ ದಾಖಲಿಸಿತ್ತು. ಇನ್ನೊಂದು ಕಡೆ ವರ್ಣಭೇದ ಆಡಳಿತದ ಕೊನೆಯ ಅಧ್ಯಕ್ಷ ಎಫ್.ಡಬ್ಲ್ಯು. ಡಿ ಕ್ಲರ್ಕ್ ತಮ್ಮ ಕುರಿತ ಭಾಗವನ್ನು ಕೋರ್ಟಿನ ಮೂಲಕ ಕಪ್ಪು ಮಾಡಿಸಿದರು. ಹಳೆಯ ಪೊಲೀಸರನ್ನು ಕಟಕಟೆಗೆ ತಂದರೆ ತಮ್ಮವರನ್ನೂ ತರಬೇಕಾದೀತು ಎಂಬ ಅಳುಕು ಆಡಳಿತ ಪಕ್ಷದಲ್ಲಿತ್ತು ಎಂದು ಊಹಿಸಲು ಸಾಕಷ್ಟು ಕಾರಣಗಳಿವೆ. ಎರಡೂ ಕಡೆಯ ಬಲಿಷ್ಠರಿಗೆ ಅನುಕೂಲವಾದ ಮೌನದ ನಷ್ಟ ಬಿದ್ದದ್ದು ಎರಡೂ ಕಡೆ ಇಲ್ಲದ ತಾಯಂದಿರ ಮೇಲೆ.

ಪರಿಹಾರದ ವಿಷಯ ಇದಕ್ಕಿಂತ ಬೇರೆಯಲ್ಲ. ಸಂತ್ರಸ್ತರಿಗೆ ವರ್ಷಕ್ಕೆ ಸುಮಾರು 17,000ದಿಂದ 23,000 ರಾಂಡ್‌ನಂತೆ ಆರು ವರ್ಷ ಕೊಡಬೇಕೆಂದು ಆಯೋಗ ಶಿಫಾರಸು ಮಾಡಿತ್ತು. 2003ರಲ್ಲಿ ಅಧ್ಯಕ್ಷ ಥಾಬೊ ಎಂಬೆಕಿ ಘೋಷಿಸಿದ್ದು ಒಂದೇ ಸಲದ 30,000 ರಾಂಡ್. ವರ್ಣಭೇದ ನೀತಿಯಿಂದ ಲಾಭ ಪಡೆದ ಉದ್ದಿಮೆಗಳ ಮೇಲೆ ವಿಶೇಷ ತೆರಿಗೆ ಹಾಕುವ ಸಲಹೆಯನ್ನೂ ಅವರು ತಳ್ಳಿಹಾಕಿದರು. ಮಾಫಿ ಪಡೆದ ಕೊಲೆಗಾರ ಆ ಗಳಿಗೆಯಿಂದಲೇ ಸ್ವತಂತ್ರ. ಸತ್ತವನ ಹೆಂಡತಿ ಐದಾರು ವರ್ಷ ಕಾದು ಶಿಫಾರಸಿನ ಕಾಲುಭಾಗವನ್ನು ಪಡೆದಳು. ಗಡುವಿನೊಳಗೆ ಆಯೋಗದ ಮುಂದೆ ಬರದವರ ಹೆಸರು ಪಟ್ಟಿಯಲ್ಲೇ ಇಲ್ಲ. 1995ರಲ್ಲಿ ಹುಟ್ಟಿದ ಸಂತ್ರಸ್ತರ ಸಂಘಟನೆ ಖುಲುಮಾನಿ ಈ ಕಾರಣಕ್ಕಾಗಿಯೇ ಪಟ್ಟಿಯನ್ನು ಮತ್ತೆ ತೆರೆಯಿರೆಂದು ಇಂದಿಗೂ ಹೋರಾಡುತ್ತಿದೆ. ಪರಿಹಾರಕ್ಕೆಂದೇ ಇರುವ ಅಧ್ಯಕ್ಷರ ನಿಧಿಯಲ್ಲಿ ನೂರು ಕೋಟಿ ರಾಂಡ್‌ಗೂ ಮಿಕ್ಕಿ ಹಣ ಖರ್ಚಾಗದೆ ಕೂತಿದೆ ಎಂಬುದನ್ನು ಬರೆಯುವಾಗ ಸಂಶೋಧಕನ ತಟಸ್ಥ ಭಾಷೆಯನ್ನು ಉಳಿಸಿಕೊಳ್ಳುವುದು ಕಷ್ಟ.

ಅರ್ಜೆಂಟೀನಾ ಇದಕ್ಕೆ ಎದುರು ದಿಕ್ಕಿನಲ್ಲಿ ನಡೆಯಿತು. 1986 ಮತ್ತು 1987ರಲ್ಲಿ ಅಲ್ಲಿ ಬಂದ ಕಾನೂನುಗಳು ಸೇನಾಡಳಿತದ ಅಪರಾಧಗಳ ಮೊಕದ್ದಮೆಗಳಿಗೆ ಬಾಗಿಲು ಮುಚ್ಚಿದ್ದವು. 2003ರಲ್ಲಿ ಸಂಸತ್ತು ಅವನ್ನು ರದ್ದುಮಾಡಿತು, 2005ರಲ್ಲಿ ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದು ಸಾರಿತು, ಆಮೇಲೆ ನೂರಾರು ಮಂದಿಗೆ ಶಿಕ್ಷೆಯಾಯಿತು. ಅಲ್ಲಿ ಮಾಫಿಯಿಂದ ಹೊರಟು ನ್ಯಾಯಾಲಯಕ್ಕೆ ತಲುಪಿದರು. ದಕ್ಷಿಣ ಆಫ್ರಿಕಾದಲ್ಲಿ ಷರತ್ತಿನ ಮಾಫಿಯಿಂದ ಹೊರಟು ಷರತ್ತಿಲ್ಲದ, ಯಾವ ಕಾನೂನಿನಲ್ಲೂ ಬರೆಯದ ಮಾಫಿಗೆ ತಲುಪಿದರು. ಇದು ನೇಪಾಳಕ್ಕೂ ಸಂಬಂಧಿಸಿದ ಮಾತು. ಅಂತರ್ಯುದ್ಧ ಕೊನೆಗೊಳಿಸಿದ 2006ರ ಶಾಂತಿ ಒಪ್ಪಂದದ ಬಳಿಕ ಎಂಟು ವರ್ಷಗಳಿಗೂ ಹೆಚ್ಚು ತಡವಾಗಿ ಅಲ್ಲಿ ಎರಡು ಆಯೋಗಗಳು ರಚನೆಯಾದವು, ಅರವತ್ತು ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಗಂಭೀರ ಅಪರಾಧಗಳಿಗೆ ಮಾಫಿ ಕೂಡದೆಂದು 2015ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ದಕ್ಷಿಣ ಆಫ್ರಿಕಾದಿಂದ ಎರವಲು ತಂದದ್ದು ದೂರು ಪಡೆಯುವ ವ್ಯವಸ್ಥೆಯಷ್ಟೇ, ದೂರಿನ ನಂತರದ ತನಿಖೆಗೆ ತಕ್ಕ ಏರ್ಪಾಡು ಜೊತೆಗೆ ಬರಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಈಗ ಸ್ವಲ್ಪ ಚಲನೆ ಕಾಣುತ್ತಿದೆ. ಮ್ಯಾಥ್ಯೂ ಗೊನಿವೆ, ಫೋರ್ಟ್ ಕಲಾಟಾ, ಸ್ಪ್ಯಾರೊ ಎಂಖೊಂಟೊ, ಸಿಸೆಲೊ ಎಂಲಾವುಲಿ ಎಂಬ ನಾಲ್ವರು ಹೋರಾಟಗಾರರನ್ನು 1985ರ ಜೂನ್ 27ರ ರಾತ್ರಿ ಪೊಲೀಸರು ಕೊಂದಿದ್ದರು. ಕೊಂದವರಿಗೆ 1999ರಲ್ಲಿ ಮಾಫಿ ನಿರಾಕರಿಸಲಾಗಿತ್ತು, ಮೊಕದ್ದಮೆ ಮಾತ್ರ ಹೂಡಲೇ ಇಲ್ಲ. 2025ರ ಜನವರಿಯಲ್ಲಿ ಕಲಾಟಾ ಅವರ ಮಗ ಲುಖಾನ್ಯೊ ಮತ್ತು ಇತರ ಕುಟುಂಬಗಳು ಸರ್ಕಾರದ ವಿರುದ್ಧವೇ ಹೈಕೋರ್ಟ್ ಮೆಟ್ಟಿಲೇರಿದವು. ಅದೇ ವರ್ಷದ ಮೇ ತಿಂಗಳಲ್ಲಿ ಅಧ್ಯಕ್ಷ ಸಿರಿಲ್ ರಾಮಫೋಸಾ, ಈ ಪ್ರಕರಣಗಳನ್ನು ತಡೆದವರು ಯಾರೆಂದು ಪತ್ತೆಹಚ್ಚಲು ನಿವೃತ್ತ ನ್ಯಾಯಮೂರ್ತಿ ಸಿಸಿ ಖಂಪೆಪೆ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗ ನೇಮಿಸಿದರು. ಜೂನ್‌ನಲ್ಲಿ ನಾಲ್ವರ ಸಾವಿನ ಮೂರನೆಯ ನ್ಯಾಯಿಕ ವಿಚಾರಣೆ ಆರಂಭವಾಯಿತು. ಅಷ್ಟರಲ್ಲಿ ಮಾಫಿ ನಿರಾಕರಿಸಲ್ಪಟ್ಟ ಆರೂ ಪೊಲೀಸರು ಸತ್ತಿದ್ದರು. ಆದ್ದರಿಂದ ಖಂಪೆಪೆ ಆಯೋಗದ ಮುಂದಿರುವ ನಿಜವಾದ ಕೆಲಸ ಕೊಂದವರ ಕುರಿತದ್ದಲ್ಲ. 1998ರ ನಂತರ ಆ 300 ಕಡತಗಳ ಮೇಲೆ ಯಾರು ಏನು ಬರೆದರು, ಯಾರ ಮಾತಿನ ಮೇಲೆ ಬರೆದರು ಎಂಬುದನ್ನು ಅಧಿಕಾರಿ, ಮಂತ್ರಿ, ದಿನಾಂಕಗಳ ಸಮೇತ ಹೊರಗೆಡಹುವುದು. ಆ ದಾಖಲೆಗಳಿಗೆ ಸಂಬಂಧಿಸಿದವರಲ್ಲಿ ಹಲವರು ಇನ್ನೂ ಬದುಕಿದ್ದಾರೆ, ಅವರನ್ನು ಪ್ರಮಾಣವಚನದ ಮೇಲೆ ಪ್ರಶ್ನಿಸಬಹುದು.