ಹತ್ತು ವರ್ಷದೊಳಗಿನ ಮಕ್ಕಳಿರುವ ಮನೆಗಳು ಮಾತ್ರ

ಹೋದ ತಿಂಗಳು ನಮ್ಮ ಆಫೀಸಿನ ಎಐ ಏಜೆಂಟ್ ಒಂದು ಸುಳ್ಳು ಹೇಳ್ತು. ಹನ್ನೆರಡು ವರ್ಷದಿಂದ ನಮ್ಮ ಗ್ರಾಹಕರಾಗಿರೋ ಹಿರಿಯರೊಬ್ಬರು ಫೋನ್ ಮಾಡಿದಾಗ, "ಈ ಹೆಸರಿನವರು ನಮ್ಮಲ್ಲಿ ಇಲ್ಲ" ಅಂತ ಸಪೋರ್ಟ್ ಟೀಮಿನ ಹುಡುಗಿಗೆ ಉತ್ತರ ಕೊಟ್ಟಿತ್ತು. ಆಕೆ ಅದನ್ನೇ ಅವರಿಗೆ ಹೇಳಿದಳು. ಆಮೇಲೆ ಅವರು ಏನಂದರು ಅನ್ನೋದನ್ನ ಇಲ್ಲಿ ಬರೆಯೋ ಹಾಗಿಲ್ಲ. ತಪ್ಪು ಎಲ್ಲಾಯ್ತು ಅಂತ ಹುಡುಕಿದರೆ ಸಿಕ್ಕಿದ್ದು ನಾನೇ ಬರೆದ ಎರಡು ಪದ. ಆ ಸರ್ಚ್ ಟೂಲಿಗೆ ನಾನು ಕೊಟ್ಟಿದ್ದ ವಿವರಣೆ: "ಗ್ರಾಹಕರನ್ನು ಹುಡುಕುತ್ತದೆ." ಅದು ಹುಡುಕುತ್ತಿದ್ದದ್ದು ಹೊಸ ಸಿಸ್ಟಮ್ಮಿನಲ್ಲಿ ಮಾತ್ರ. ಹಳೆಯ ಖಾತೆಗಳು ಬೇರೆ ಕಡೆ ಇದ್ದವು.

ಈ ಥರದ ತಪ್ಪು ಹೊಸದೇನಲ್ಲ. ಕಂಪ್ಯೂಟರ್ ಬರೋದಕ್ಕೆ ಮುಂಚೆಯೇ ರಟ್ಟಿನ ಕಾರ್ಡುಗಳಲ್ಲಿ ಇದು ನಡೆದಿತ್ತು.

1935ರಲ್ಲಿ ಅಮೆರಿಕ ಸೋಶಿಯಲ್ ಸೆಕ್ಯುರಿಟಿ ಕಾಯ್ದೆ ತಂತು. 65 ತುಂಬಿದ ಕೆಲಸಗಾರರಿಗೆ ಪಿಂಚಣಿ. ಸರಿ, 65 ತುಂಬಿದೆ ಅಂತ ತೋರಿಸೋದು ಹೇಗೆ? ಆ ತಲೆಮಾರಿನ ಎಷ್ಟೋ ಜನರ ಹತ್ತಿರ ಜನನ ಪತ್ರವೇ ಇರಲಿಲ್ಲ. ಉಳಿದದ್ದು ಹಳೆಯ ಜನಗಣತಿ. ಆದರೆ ಗಣತಿದಾರರು ಮನೆ ಬಾಗಿಲಲ್ಲಿ ನಿಂತು ಕಿವಿಗೆ ಬಿದ್ದ ಹಾಗೆ ಹೆಸರು ಬರೆದುಕೊಂಡಿದ್ದರು. ಒಂದೇ ಮನೆತನ ಒಂದು ಕಡೆ ಸ್ಮಿತ್, ಇನ್ನೊಂದು ಕಡೆ ಸ್ಮೈತ್.

ಇದಕ್ಕೆ ಉತ್ತರ ಆಗಲೇ ಇತ್ತು. ಪಿಟ್ಸ್‌ಬರ್ಗಿನ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದಿದ್ದ ಸೌಂಡೆಕ್ಸ್. ಗಣತಿಗೆ ಬಳಸಿದ ರೂಪ ಹೀಗೆ: ಹೆಸರಿನ ಮೊದಲ ಅಕ್ಷರ ಹಾಗೇ ಇರಲಿ, ಮುಂದಿನ ಸ್ವರಗಳನ್ನ ಬಿಡಿ, ಹೆಚ್, ಡಬ್ಲ್ಯೂ, ವೈ ಕೂಡ ಬಿಡಿ. ಉಳಿದದ್ದರಲ್ಲಿ ಹತ್ತಿರ ಹತ್ತಿರ ಕೇಳಿಸೋ ಅಕ್ಷರಗಳಿಗೆ ಒಂದೇ ಅಂಕಿ. ಡಿ, ಟಿ ಎರಡಕ್ಕೂ 3. ಎಂ, ಎನ್ ಎರಡಕ್ಕೂ 5. ಅಂಕಿ ಮೂರೇ, ಕಡಿಮೆ ಬಿದ್ದರೆ ಸೊನ್ನೆ. ನಮ್ಮ ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಕೆಎಸ್‌ಹೆಚ್ ಹಾಕಿ ಬರೆಯಿರಿ, ಎಕ್ಸ್ ಹಾಕಿ ಬರೆಯಿರಿ, ಎರಡೂ ಎಲ್ 250. ಖುಷಿ ಆಗುತ್ತೆ ಅಲ್ವಾ? ಜ್ಞಾನೇಶನಿಗೆ ಬಂದಾಗ ಮಾತ್ರ ಕೈಕೊಡುತ್ತೆ. ಜೆ ಮತ್ತು ಎನ್ ಹಾಕಿ ಬರೆದರೆ ಜೆ 552, ಜಿ ಮತ್ತು ಎನ್ ಹಾಕಿದರೆ ಜಿ 552, ಉತ್ತರದವರ ಹಾಗೆ ಗ್ಯಾನೇಶ್ ಅಂತ ಬರೆದರೆ ಜಿ 520. ಒಬ್ಬನೇ ಮನುಷ್ಯ, ಮೂರು ಡ್ರಾಯರ್.

ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡವರಿಗಾಗಿ ಸರ್ಕಾರ ನಡೆಸುತ್ತಿದ್ದ ಡಬ್ಲ್ಯೂಪಿಎ ಯೋಜನೆಯ ಗುಮಾಸ್ತರು ಕೂತು 1880ರ ಗಣತಿಗೆ ಕಾರ್ಡು ಬರೆದರು. ಈಗ ಮುಖ್ಯ ವಿಷಯ. ಅವರು ಎಲ್ಲ ಮನೆಗಳಿಗೂ ಕಾರ್ಡು ಬರೆಯಲಿಲ್ಲ. ಹತ್ತು ವರ್ಷ ಅಥವಾ ಅದಕ್ಕೂ ಚಿಕ್ಕ ಮಕ್ಕಳಿದ್ದ ಮನೆಗಳಿಗೆ ಮಾತ್ರ ಬರೆದರು. ಲೆಕ್ಕ ನೋಡಿ: 1880ರಲ್ಲಿ ಹತ್ತು ವರ್ಷದ ಹುಡುಗನಿಗೆ 1935ರಲ್ಲಿ 65. ಅವನಿಗಿಂತ ದೊಡ್ಡವರು ಆಗಲೇ ಆ ವಯಸ್ಸು ದಾಟಿದ್ದರು. ಪಿಂಚಣಿ ಆಫೀಸಿಗೆ ಬೇಕಾದದ್ದು ಅಷ್ಟೇ, ಮಾಡಿದ್ದೂ ಅಷ್ಟೇ. ನನ್ನ ಪ್ರಕಾರ ಅದರಲ್ಲಿ ಒಂದಿಷ್ಟೂ ತಪ್ಪಿಲ್ಲ.

ಕಷ್ಟ ಬಂದದ್ದು ಆಮೇಲೆ, ಅದೇ ಸೂಚಿಯಲ್ಲಿ ತಮ್ಮ ಮುತ್ತಜ್ಜಂದಿರನ್ನ ಹುಡುಕೋಕೆ ಬಂದವರಿಗೆ. ಮಕ್ಕಳಿಲ್ಲದ ದಂಪತಿಗೆ, ಮಕ್ಕಳು ಬೆಳೆದು ದೊಡ್ಡವರಾಗಿದ್ದ ಮನೆಗೆ ಇಲ್ಲಿ ಕಾರ್ಡೇ ಇಲ್ಲ. ಆದರೆ ಗಣತಿಯ ಮೂಲ ಹಾಳೆಯಲ್ಲಿ ಅವರ ಹೆಸರಿದೆ. ಸೂಚಿಯ ಮಿತಿ ಗೊತ್ತಿದ್ದವನು ಹಾಳೆಗೇ ಹೋಗುತ್ತಾನೆ. ಗೊತ್ತಿಲ್ಲದವನು "ಆ ವರ್ಷ ಅವರು ಇಲ್ಲಿರಲಿಲ್ಲ" ಅಂತ ಬರೆದುಕೊಂಡು ಮನೆಗೆ ಹೋಗುತ್ತಾನೆ. 1900ರ ಗಣತಿಯ ಸೂಚಿಯಲ್ಲಿ ಎಲ್ಲ ಮನೆಗಳೂ ಇವೆ. ಅದನ್ನ ಬಳಸಿ ಅಭ್ಯಾಸ ಆದವರಿಗೆ 1880ರದ್ದೂ ಹಾಗೇ ಅನ್ನಿಸೋದು ಇನ್ನೂ ಸುಲಭ.

ಪತ್ರಾಗಾರದಲ್ಲಾದರೆ ಕೌಂಟರ್ ಹಿಂದೆ ಒಬ್ಬರು ಇರ್ತಾರೆ, "ಇದರಲ್ಲಿ ಎಲ್ಲ ಇಲ್ಲಪ್ಪ, ಆ ರೀಲ್ ನೋಡು" ಅಂತಾರೆ. ಭಾಷಾ ಮಾದರಿಗಳಿಗೆ ಟೂಲ್ ಕೊಡೋದು 2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ ತಂದ ಮೇಲೆ ಎಲ್ಲರ ಕೈಗೂ ಸಿಕ್ಕಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಸಿಪಿ ಅನ್ನೋ ಸಾಮಾನ್ಯ ಪದ್ಧತಿ ಪ್ರಕಟಿಸಿತು. ಯಾವುದರಲ್ಲೇ ಆಗಲಿ, ಟೂಲನ್ನ ಕರೆಯೋ ಮುಂಚೆ ಏಜೆಂಟಿಗೆ ಕಾಣೋದು ಟೂಲಿನ ಹೆಸರು, ವಿವರಣೆ, ಏನೇನು ಕೊಡಬೇಕು ಅನ್ನೋ ಪಟ್ಟಿ, ಇಷ್ಟೇ. ಒಳಗಿನ ಟೇಬಲ್ ಕಾಣಲ್ಲ. ಪಕ್ಕದ ಡೆಸ್ಕಿನವರನ್ನ ಕೇಳೋಕೂ ಆಗಲ್ಲ.

ನಾನು ಆ ವಿವರಣೆ ತಿದ್ದಿದೆ. ಎರಡು ಪದ ಇದ್ದದ್ದು ಆರು ಸಾಲಾಯ್ತು: ಹೊಸ ಸಿಸ್ಟಮ್ಮಿನ ಖಾತೆಗಳನ್ನು ಮಾತ್ರ ಹುಡುಕುತ್ತದೆ, ಹಳೆಯ ಖಾತೆಗೆ ಬೇರೆ ಟೂಲ್ ಇದೆ, ಅದರ ಹೆಸರು ಇಂಥದ್ದು, ಕಾಗುಣಿತ ಅಕ್ಷರಶಃ ಹೊಂದಬೇಕು, ಬೇರೆ ಸ್ಪೆಲ್ಲಿಂಗ್ ಇದ್ದರೆ ಒಂದೊಂದನ್ನೂ ಪ್ರತ್ಯೇಕ ಹುಡುಕಿ, ಒಂದು ಸಲಕ್ಕೆ 20 ಫಲಿತಾಂಶ ಮಾತ್ರ, ಫೋನ್ ನಂಬರ್ ಇದ್ದರೆ ಹೆಸರಿಗಿಂತ ಅದೇ ವಾಸಿ, ಏನೂ ಸಿಗದಿದ್ದರೆ "ಗ್ರಾಹಕರಲ್ಲ" ಎನ್ನಬೇಡಿ, ಎಲ್ಲೆಲ್ಲಿ ಹುಡುಕಿದಿರಿ ಎಂದು ಹೇಳಿ.

ಮತ್ತೆ ಅದೇ ಹೆಸರು ಕೊಟ್ಟು ನೋಡಿದೆ. ಹೊಸ ಸಿಸ್ಟಮ್ಮಿನಲ್ಲಿ ಇಲ್ಲ ಅಂತು, ಹಳೆಯದಕ್ಕೆ ಹೋಯ್ತು, ಅಲ್ಲೂ ಮೊದಲ ಎರಡು ಸಲ ಸಿಗಲಿಲ್ಲ. ಮೂರನೇ ಸ್ಪೆಲ್ಲಿಂಗಿಗೆ ಸಿಕ್ಕರು. ಅವರ ಹೆಸರೂ ‘ಜ್ಞ’ದಿಂದಲೇ ಶುರುವಾಗುತ್ತೆ.