ಹೆಸರೇ ಆರೋಪವಾದಾಗ

ಅಡ್ಡಹೆಸರಿಟ್ಟು ಪರಸ್ಪರ ಹೀಯಾಳಿಸಬಾರದೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ವಿಧಿಸಿದೆ. ಮದ್ರಸದಲ್ಲಿ ಈ ಸೂಕ್ತವನ್ನು ಕಲಿಸುವಾಗ ಕುಂಟ, ಕುಳ್ಳ ಎಂಬಂಥ ಉದಾಹರಣೆಗಳನ್ನು ನಾವು ಕೊಡುತ್ತೇವೆ. ಒಂದು ಸಮುದಾಯದ ನಿಜವಾದ ಹೆಸರೇ ಬೈಗುಳವಾಗಬಹುದು ಎಂಬುದನ್ನು ಅರಿಯಲು ಚುನಾವಣೆಗಳ ಇತಿಹಾಸವನ್ನು ಓದಬೇಕಾಗುತ್ತದೆ.

2008ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಬರಾಕ್ ಹುಸೇನ್ ಒಬಾಮ ಕ್ರೈಸ್ತರು. ಅವರ ತಂದೆ ಕೀನ್ಯಾದ ಮುಸ್ಲಿಮ್ ಕುಟುಂಬದಲ್ಲಿ ಜನಿಸಿದ್ದರು. ನಡುವಿನ ಆ ಹೆಸರೊಂದೇ ಸಾಕಾಯಿತು. ಅವರು ಗುಪ್ತ ಮುಸ್ಲಿಮ್ ಎಂಬ ವದಂತಿ ಇ-ಮೇಲ್‌ಗಳಲ್ಲಿ ಹಬ್ಬಿತು. ಅಕ್ಟೋಬರ್ 10ರಂದು ಮಿನ್ನೆಸೋಟದ ಸಭೆಯೊಂದರಲ್ಲಿ ಮಹಿಳೆಯೊಬ್ಬರು ಎದ್ದು, ಒಬಾಮ ಅರಬ್ಬರೆಂದರು. ಎದುರಾಳಿ ಜಾನ್ ಮೆಕೇನ್ ಅವರನ್ನು ತಡೆದು, ಇಲ್ಲ, ಅವರು ಸಭ್ಯ ಸಂಸಾರಸ್ಥರೆಂದು ಉತ್ತರಿಸಿದರು. ಅದರಲ್ಲಿದ್ದ ಸಜ್ಜನಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅರಬ್ಬನಾಗಿರುವುದಕ್ಕೂ ಸಭ್ಯನಾಗಿರುವುದಕ್ಕೂ ವಿರೋಧವೆಲ್ಲಿಯದು? ಒಬಾಮರ ಪಾಳೆಯವೂ ಇದಕ್ಕಿಂತ ಮೇಲಾಗಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಡೆಟ್ರಾಯಿಟ್‌ನ ಸಭೆಯಲ್ಲಿ ತಲೆವಸ್ತ್ರ ಧರಿಸಿದ್ದ ಇಬ್ಬರು ಯುವತಿಯರನ್ನು ಕ್ಯಾಮೆರಾ ಕಣ್ಣಿಗೆ ಬೀಳುವ ಆಸನಗಳಲ್ಲಿ ಕೂರದಂತೆ ಸ್ವಯಂಸೇವಕರು ತಡೆದರು. ಒಬಾಮ ಆಮೇಲೆ ಅವರಲ್ಲಿ ಕ್ಷಮೆ ಕೇಳಿದರು.

ಈ ರೋಗ ಹಳೆಯದು. ಧರ್ಮವನ್ನು ಯಾವ ಹುದ್ದೆಗೂ ಅರ್ಹತೆಯಾಗಿ ಕೇಳಕೂಡದೆಂದು ಅಮೆರಿಕದ ಸಂವಿಧಾನದ 6ನೆಯ ವಿಧಿ ಹೇಳುತ್ತದೆ. 1788ರ ಜುಲೈನಲ್ಲಿ ಉತ್ತರ ಕೆರೊಲಿನಾದ ಪ್ರತಿನಿಧಿಗಳು ಹಿಲ್ಸ್‌ಬರೋದಲ್ಲಿ ಸೇರಿ ಆ ಸಂವಿಧಾನವನ್ನು ಚರ್ಚಿಸಿದಾಗ ಹೆನ್ರಿ ಅಬಟ್ ಜನರ ಭಯವೊಂದನ್ನು ಮುಂದಿಟ್ಟರು: ಇಂಥ ವಿಧಿಯಿದ್ದರೆ ವಿಗ್ರಹಾರಾಧಕರೂ ಮುಹಮ್ಮದೀಯರೂ ಅಧಿಕಾರಕ್ಕೆ ಬರಲಾರರೇ? ಜೇಮ್ಸ್ ಐರ್‌ಡೆಲ್ ಇದಕ್ಕೆ ಉತ್ತರಿಸಿದರು. ಯಾವುದೇ ಒಂದು ಗುಂಪನ್ನು ಹೊರಗಿಟ್ಟರೆ ನಾವೇ ಸಾರುವ ಧಾರ್ಮಿಕ ಸ್ವಾತಂತ್ರ್ಯ ಉಳಿಯುವುದು ಹೇಗೆಂಬುದು ಅವರ ಪ್ರಶ್ನೆಯಾಗಿತ್ತು. ಅವರೆಲ್ಲ ವಾದಿಸುತ್ತಿದ್ದುದು ಕಲ್ಪನೆಯ ಮುಸ್ಲಿಮನ ಕುರಿತು. ಅದೇ ದೇಶದ ಹೊಲಗಳಲ್ಲಿ ದುಡಿಯುತ್ತಿದ್ದ ಆಫ್ರಿಕದ ಗುಲಾಮರಲ್ಲಿ ನಿಜವಾದ ಮುಸ್ಲಿಮರಿದ್ದರು.

ಮುಂದೆ 1800ರಲ್ಲಿ ಥಾಮಸ್ ಜೆಫರ್ಸನ್‌ಗೆ ನಾಸ್ತಿಕನೆಂಬ ಪಟ್ಟ ದೊರೆಯಿತು, ಗೆದ್ದರು. 1928ರಲ್ಲಿ ಕ್ಯಾಥೊಲಿಕರಾದ ಆಲ್ ಸ್ಮಿತ್ ಪೋಪರ ಆಳೆಂಬ ಅಪಪ್ರಚಾರ ಎದುರಿಸಿ ಸೋತರು. ಕ್ಯಾಥೊಲಿಕರೇ ಆದ ಜಾನ್ ಕೆನೆಡಿ 1960ರ ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟಂಟ್ ಪಾದ್ರಿಗಳೆದುರು ನಿಂತು ತಮ್ಮ ನಿಷ್ಠೆಯನ್ನು ವಿವರಿಸಬೇಕಾಯಿತು. ಆದರೂ ಅವರು ತಮ್ಮ ಧರ್ಮವನ್ನು ನಿರಾಕರಿಸಲಿಲ್ಲ, ಅದು ಅಪರಾಧವಲ್ಲವೆಂದೇ ವಾದಿಸಿದರು.

2008ರಲ್ಲಿ ಆ ಮಾತನ್ನು ಆಡಿದವರು ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್. ಅಕ್ಟೋಬರ್ 19ರ ದೂರದರ್ಶನ ಸಂದರ್ಶನದಲ್ಲಿ ಅವರು, ಒಬಾಮ ಕ್ರೈಸ್ತರೆಂಬುದು ಸರಿಯೇ, ಆದರೆ ಮುಸ್ಲಿಮರಾಗಿದ್ದರೂ ಏನಾಯಿತು ಎಂದು ಕೇಳಿದರು. ಏಳು ವರ್ಷದ ಮುಸ್ಲಿಮ್ ಬಾಲಕನೊಬ್ಬ ತಾನು ಅಧ್ಯಕ್ಷನಾಗುವೆನೆಂದು ಕನಸು ಕಾಣಬಾರದೇ ಎಂದರು. ತಾವು ಕಂಡ ಛಾಯಾಚಿತ್ರವೊಂದನ್ನೂ ವರ್ಣಿಸಿದರು. ಇರಾಕಿನಲ್ಲಿ ಮಡಿದ ಇಪ್ಪತ್ತರ ಹರೆಯದ ಅಮೆರಿಕನ್ ಸೈನಿಕ ಕರೀಮ್ ಖಾನ್‌ನ ಸಮಾಧಿ ಅದು. ತಾಯಿ ಕಲ್ಲಿಗೆ ತಲೆಯಾನಿಸಿ ಕುಳಿತಿದ್ದಾರೆ. ಕಲ್ಲಿನ ಮೇಲೆ ಶಿಲುಬೆಯಿಲ್ಲ, ಅರ್ಧಚಂದ್ರ ಮತ್ತು ನಕ್ಷತ್ರವಿದೆ.

ನಮ್ಮವರು ಈ ಸಂದರ್ಶನವನ್ನು ಸಂತೋಷದಿಂದ ಸ್ಮರಿಸುವುದುಂಟು, ಅದು ನ್ಯಾಯವೇ. ಆದರೆ ಆ ದಿನ ಪೊವೆಲ್ ಯಾರ ಮತವನ್ನೂ ಬೇಡುವ ಸ್ಥಿತಿಯಲ್ಲಿರಲಿಲ್ಲ.