ದೊಡ್ಡ ಎಂಜಿನ್‌ನ ಪಿಕಪ್ ಟ್ರಕ್‌ಗಳ ಇಂಧನ ದಕ್ಷತೆ

ದೊಡ್ಡ ಎಂಜಿನ್‌ನ ಪಿಕಪ್ ಟ್ರಕ್‌ಗಳ ಇಂಧನ ದಕ್ಷತೆ ಎಂಬುದು ಎಂಟು ಸಿಲಿಂಡರ್‌ಗಳ (ವಿ8) ಅಥವಾ ಅಷ್ಟೇ ಸಾಮರ್ಥ್ಯದ ಎಂಜಿನ್ ಹೊಂದಿರುವ, ಹಿಂಭಾಗದಲ್ಲಿ ತೆರೆದ ಸರಕು ತೊಟ್ಟಿಯುಳ್ಳ ವಾಹನಗಳು ನಿರ್ದಿಷ್ಟ ಪ್ರಮಾಣದ ಇಂಧನದಲ್ಲಿ ಕ್ರಮಿಸುವ ದೂರವನ್ನು ಸೂಚಿಸುತ್ತದೆ. ಇಂತಹ ವಾಹನಗಳು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹೆಚ್ಚಾಗಿ ಬಳಕೆಯಲ್ಲಿವೆ. ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊ ಮತ್ತು ರ್‍ಯಾಮ್ 1500 ಇವುಗಳಲ್ಲಿ ಪ್ರಮುಖವಾದವು. ಅಲ್ಲಿ ದಕ್ಷತೆಯನ್ನು ಗ್ಯಾಲನ್‌ಗೆ ಇಷ್ಟು ಮೈಲಿ ಎಂದು ಅಳೆಯುತ್ತಾರೆ. ಅಮೆರಿಕದ ಒಂದು ಗ್ಯಾಲನ್ 3.785 ಲೀಟರ್‌ಗೆ ಸಮ. ಆದ್ದರಿಂದ ಗ್ಯಾಲನ್‌ಗೆ 15 ಮೈಲಿ ಎಂದರೆ ಲೀಟರ್‌ಗೆ ಸುಮಾರು 6.4 ಕಿ.ಮೀ.

ಹಿನ್ನೆಲೆ

1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಇಂಧನ ಮಿತವ್ಯಯ ರಾಷ್ಟ್ರೀಯ ಪ್ರಶ್ನೆಯಾಯಿತು. 1974ರಲ್ಲಿ ಹೆದ್ದಾರಿಗಳ ಗರಿಷ್ಠ ವೇಗವನ್ನು ಗಂಟೆಗೆ 55 ಮೈಲಿಗೆ (ಸುಮಾರು 89 ಕಿ.ಮೀ.) ಮಿತಿಗೊಳಿಸಲಾಯಿತು, ಈ ರಾಷ್ಟ್ರೀಯ ಮಿತಿ 1995ರಲ್ಲಿ ರದ್ದಾಯಿತು. 1975ರ ಕಾಯ್ದೆಯೊಂದು ತಯಾರಕರು ಪಾಲಿಸಬೇಕಾದ ಸರಾಸರಿ ಇಂಧನ ದಕ್ಷತೆಯ ಮಾನದಂಡಗಳಿಗೆ ಅವಕಾಶ ಕಲ್ಪಿಸಿತು. ಆದರೆ ಪಿಕಪ್‌ಗಳನ್ನು ‘ಲಘು ಟ್ರಕ್’ ಎಂದು ಪ್ರತ್ಯೇಕವಾಗಿ ವರ್ಗೀಕರಿಸಿ, ಕಾರುಗಳಿಗಿಂತ ಸಡಿಲವಾದ ಮಾನದಂಡಗಳನ್ನು ಅನ್ವಯಿಸಲಾಯಿತು.

ಮಹತ್ವ

ದಕ್ಷತೆ ಕಡಿಮೆ ಇರುವ ವಾಹನದಲ್ಲಿ ಅಲ್ಪ ಸುಧಾರಣೆಯೂ ಹೆಚ್ಚು ಇಂಧನವನ್ನು ಉಳಿಸುತ್ತದೆ. ವರ್ಷಕ್ಕೆ 16,000 ಕಿ.ಮೀ. ಓಡುವ ಪಿಕಪ್‌ನ ದಕ್ಷತೆ ಲೀಟರ್‌ಗೆ 5 ಕಿ.ಮೀ.ಯಿಂದ 6 ಕಿ.ಮೀ.ಗೆ ಏರಿದರೆ ಸುಮಾರು 533 ಲೀಟರ್ ಉಳಿಯುತ್ತದೆ. ಅಷ್ಟೇ ದೂರ ಓಡುವ ಸಣ್ಣ ಕಾರಿನ ದಕ್ಷತೆ 15ರಿಂದ 20 ಕಿ.ಮೀ.ಗೆ ಏರಿದರೂ ಉಳಿತಾಯ ಸುಮಾರು 267 ಲೀಟರ್ ಮಾತ್ರ. ‘ಲೀಟರ್‌ಗೆ ಎಷ್ಟು ಕಿ.ಮೀ.’ ಎಂಬ ಲೆಕ್ಕ ಈ ವ್ಯತ್ಯಾಸವನ್ನು ಮರೆಮಾಡುತ್ತದೆ. ಹಲವು ದೇಶಗಳಲ್ಲಿ ‘100 ಕಿ.ಮೀ.ಗೆ ಎಷ್ಟು ಲೀಟರ್’ ಎಂಬ ಅಳತೆ ರೂಢಿಯಲ್ಲಿದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹೀಗಾಗಿ ಈ ಸುಧಾರಣೆಯಿಂದ ರೈತರು, ಕಟ್ಟಡ ಕೆಲಸಗಾರರು ಮೊದಲಾಗಿ ಪಿಕಪ್ಪನ್ನೇ ನೆಚ್ಚಿಕೊಂಡವರ ಖರ್ಚು ತಗ್ಗುವುದಲ್ಲದೆ ಪರಿಸರಕ್ಕೂ ಪ್ರಯೋಜನವಾಗುತ್ತದೆ.

ಇಂಧನ ವ್ಯಯದ ಕಾರಣಗಳು

ದೊಡ್ಡ ಎಂಜಿನ್ ಭಾರ ಎಳೆಯುವುದಕ್ಕಾಗಿ ರೂಪುಗೊಂಡದ್ದು. ಖಾಲಿ ವಾಹನ ಸಮತಟ್ಟು ರಸ್ತೆಯಲ್ಲಿ ಸಾಗುವಾಗ ಅದರ ಶಕ್ತಿಯ ಸಣ್ಣ ಪಾಲು ಮಾತ್ರ ಸಾಕಾಗುತ್ತದೆ. ಆಗ ಪೆಟ್ರೋಲ್ ಎಂಜಿನ್‌ನ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಆ ಕಿರಿದಾದ ದಾರಿಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಎಂಜಿನ್ ಶ್ರಮ ವ್ಯಯಿಸುತ್ತದೆ. ಇದರೊಂದಿಗೆ ವಾಹನದ ತೂಕ, ಎತ್ತರವಾದ ಮುಂಭಾಗ ಎದುರಿಸುವ ಗಾಳಿಯ ತಡೆ ಮತ್ತು ಅಗಲವಾದ ಟೈರುಗಳ ಉರುಳು ಘರ್ಷಣೆಯೂ ಸೇರುತ್ತವೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 90 ಕಿ.ಮೀ. ವೇಗದಿಂದ 110 ಕಿ.ಮೀ.ಗೆ ಏರಿದರೆ ಅದು ಸುಮಾರು ಒಂದೂವರೆ ಪಟ್ಟಾಗುತ್ತದೆ.

ತಯಾರಕರು ಕೈಗೊಂಡ ಕ್ರಮಗಳು

* ಸಣ್ಣ ಟರ್ಬೊ ಎಂಜಿನ್: 2011ರ ಮಾದರಿಯ ಎಫ್-150ರಲ್ಲಿ ಫೋರ್ಡ್ 3.5 ಲೀಟರ್‌ನ ಆರು ಸಿಲಿಂಡರ್ ಟರ್ಬೊ ಎಂಜಿನ್ ಅಳವಡಿಸಿತು. ಭಾರ ಹೇರಿದಾಗ ಇಂತಹ ಎಂಜಿನ್‌ನ ಇಂಧನ ಲಾಭ ಕುಗ್ಗುತ್ತದೆ.
* ತೂಕ ಇಳಿಕೆ: 2015ರ ಮಾದರಿಯಲ್ಲಿ ಉಕ್ಕಿನ ಹೊರಮೈಗೆ ಬದಲಾಗಿ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿ, 300 ಕೆ.ಜಿ.ಗೂ ತುಸು ಹೆಚ್ಚಿನವರೆಗೆ ತೂಕ ಇಳಿಸಲಾಯಿತು.
* ಸಿಲಿಂಡರ್ ನಿಲುಗಡೆ: ಶಕ್ತಿಯ ಅಗತ್ಯ ಕಡಿಮೆ ಇದ್ದಾಗ ಕೆಲವು ಸಿಲಿಂಡರ್‌ಗಳಿಗೆ ಇಂಧನ ಪೂರೈಕೆ ನಿಲ್ಲುತ್ತದೆ. 2019ರ ಸಿಲ್ವರಾಡೊದ ಕೆಲವು ವಿ8 ಎಂಜಿನ್‌ಗಳಲ್ಲಿ ಹೀಗೆ 17 ಬಗೆಯ ಜೋಡಣೆಗಳಿಗೆ ಅವಕಾಶವಿತ್ತು.
* ಹೆಚ್ಚು ಗೇರುಗಳು: ಫೋರ್ಡ್ ಮತ್ತು ಜನರಲ್ ಮೋಟರ್ಸ್ ಸೇರಿ ರೂಪಿಸಿದ ಹತ್ತು ಗೇರುಗಳ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್‌ನ ಸುತ್ತುಗಳನ್ನು ಮಿತವಾಗಿಡುತ್ತದೆ.
* ಹೈಬ್ರಿಡ್: 2021ರ ಮಾದರಿಯ ಎಫ್-150 ವಿದ್ಯುತ್ ಮೋಟರ್ ಸೇರಿದ ಆವೃತ್ತಿಯಲ್ಲೂ ದೊರೆಯಿತು.

ಚಾಲಕರು ಅನುಸರಿಸಬಹುದಾದ ಕ್ರಮಗಳು

ಹೊಸ ಖರ್ಚಿಲ್ಲದೆ ಹೆಚ್ಚಿನ ಫಲ ನೀಡುವುದು ಚಾಲನೆಯ ಕ್ರಮ. ವೇಗವನ್ನು ಮಿತಗೊಳಿಸುವುದು, ಮುಂದಿನ ದಟ್ಟಣೆಯನ್ನು ಗಮನಿಸಿ ಮೊದಲೇ ಆಕ್ಸಿಲರೇಟರ್ ಬಿಡುವುದು, ಹಠಾತ್ ಬ್ರೇಕ್ ತಪ್ಪಿಸುವುದು ಹಾಗೂ ನಿಂತಲ್ಲಿ ಎಂಜಿನ್ ಆರಿಸುವುದು ಮುಖ್ಯವಾದವು.

ಟೈರುಗಳ ಗಾಳಿಯನ್ನು ಬಾಗಿಲ ಚೌಕಟ್ಟಿನ ಫಲಕದಲ್ಲಿ ಸೂಚಿಸಿದ ಮಟ್ಟದಲ್ಲಿಡಬೇಕು. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಎಲ್ಲ ಟೈರುಗಳ ಸರಾಸರಿ ಒತ್ತಡ ಒಂದು ಪಿಎಸ್‌ಐ ಇಳಿದರೆ ದಕ್ಷತೆ ಸುಮಾರು ಶೇ. 0.2ರಷ್ಟು ಕುಗ್ಗುತ್ತದೆ. ತೊಟ್ಟಿಯಲ್ಲಿ ಉಳಿದುಹೋದ ಅನಗತ್ಯ ಭಾರವನ್ನು ಇಳಿಸುವುದು, ಬಳಸದ ಮೇಲ್ಛಾವಣಿ ಚೌಕಟ್ಟನ್ನು ತೆಗೆದಿಡುವುದು, ಸೂಚಿತ ದರ್ಜೆಯ ಎಂಜಿನ್ ಆಯಿಲ್ ಬಳಸುವುದು ಸಹ ಉಪಯುಕ್ತ. ವಾಹನವನ್ನು ಎತ್ತರಿಸುವುದು ಮತ್ತು ದಪ್ಪ ಅಚ್ಚಿನ ದೊಡ್ಡ ಟೈರು ಹಾಕಿಸುವುದು ದಕ್ಷತೆಯನ್ನು ಕುಂದಿಸುತ್ತವೆ.

ತಪ್ಪು ಕಲ್ಪನೆಗಳು

ತೊಟ್ಟಿಯ ಹಿಂಬಾಗಿಲನ್ನು ತೆರೆದಿಟ್ಟರೆ ಇಂಧನ ಉಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಸುಳಿಯೊಂದು ನೆಲೆನಿಂತು, ಮೇಲಿನ ಗಾಳಿ ಅದರ ಮೇಲೆ ಜಾರಿಹೋಗುತ್ತದೆ. ತೆರೆದಾಗ ಸಾಮಾನ್ಯವಾಗಿ ತಡೆ ಹೆಚ್ಚುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವುದೂ ಲಾಭಕರವಲ್ಲ. ಆಧುನಿಕ ಎಂಜಿನ್‌ಗಳು ಗೇರಿನಲ್ಲಿದ್ದಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ತಡೆಹಿಡಿಯುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯುತ್ತಲೇ ಇರುತ್ತದೆ, ವಾಹನದ ಮೇಲಿನ ಹಿಡಿತವೂ ತಗ್ಗುತ್ತದೆ. ಇಂಧನ ಉಳಿಸುತ್ತವೆಂದು ಮಾರುವ ಸಾಧನಗಳಲ್ಲಿ ನೂರಕ್ಕೂ ಹೆಚ್ಚನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರಿಶೀಲಿಸಿದ್ದು, ಅವುಗಳಲ್ಲಿ ಬೆರಳೆಣಿಕೆಯವು ಮಾತ್ರ ಅಲ್ಪ ಪ್ರಯೋಜನ ತೋರಿವೆ.

ಅಳೆಯುವ ವಿಧಾನ

ಟ್ಯಾಂಕನ್ನು ಪೂರ್ತಿ ತುಂಬಿಸಿ ದೂರಮಾಪಕದ ಅಂಕಿಯನ್ನು ಬರೆದಿಟ್ಟು, ಮುಂದಿನ ಬಾರಿ ಪೂರ್ತಿ ತುಂಬಿಸಿದಾಗ ಹಿಡಿದ ಇಂಧನದಿಂದ ಕ್ರಮಿಸಿದ ದೂರವನ್ನು ಭಾಗಿಸಬೇಕು. ಗಾಳಿ, ಚಳಿ ಮತ್ತು ಹೊರೆಯ ಏರುಪೇರು ಫಲಿತಾಂಶವನ್ನು ಬದಲಿಸುವುದರಿಂದ ಹಲವು ಬಾರಿಯ ಸರಾಸರಿಯೇ ವಿಶ್ವಾಸಾರ್ಹ. ಮೂಲ ಅಳತೆಗಿಂತ ದೊಡ್ಡ ಟೈರುಗಳಿದ್ದರೆ ದೂರಮಾಪಕ ನೈಜ ದೂರಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ಸರಿಪಡಿಸಿಕೊಂಡು ಲೆಕ್ಕ ಹಾಕಬೇಕು.